ಕಳಿಸುವ ಪದ

ಹೆಡ್‌ಫೋನು ಲಕ್ಷ್ಮಿದೇವಮ್ಮನ ತುರುಬಿಗೆ ಸಿಕ್ಕಿಕೊಂಡು ಒಂದು ಕಡೆಗೆ ವಾಲಿತ್ತು. ಸರಿಮಾಡಿಕೊಳ್ಳೋಣವೆಂದರೆ ಭಯ; ಎಲ್ಲಿ ಮುಟ್ಟಿದರೆ ಏನು ಕೆಟ್ಟುಹೋಗುತ್ತದೋ! ಮೂಗಿನ ಮುಂದೆ ಮೈಕು ನೇತಾಡುತ್ತಿತ್ತು. ಬಾಯಿ ತೆರೆದಳು. ಉಸಿರು ಬಂತೇ ಹೊರತು ಪದ ಬರಲಿಲ್ಲ.

“ಅಮ್ಮಾ, ರೆಕಾರ್ಡಿಂಗ್ ಓಡ್ತಾ ಐತೆ. ಅವಸರ ಇಲ್ಲ, ನಿಮಗೆ ಯಾವಾಗ ಅನ್ಸುತ್ತೋ ಆವಾಗ ಶುರು ಮಾಡಿ.”

ಮುರಳಿಮೋಹನ ಕೂತಿದ್ದದ್ದು ಗಾಜಿನ ಆಚೆ, ದನಿ ಕೇಳಿದ್ದು ಕಿವಿಯೊಳಗೆ. ಅವಳು ಬೆಚ್ಚಿಬಿದ್ದಳು.

“ಹೆಣ ಇಲ್ದೆ ಹೆಂಗಪ್ಪಾ ಹಾಡೋದು?” ಎಂದಳು. ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದಳು. ಒಬ್ಬರಾದರೂ ಕಿವಿಗೆ ಹಾಕಿಕೊಂಡಿದ್ದರೆ ಕೇಳಿ.

ಸಾದಲಿಯ ಹೊರಗೆ, ಹಿಪ್ಪುನೇರಳೆ ತೋಟದ ನಡುವೆ ಇದ್ದ ಆ ಕಟ್ಟಡ ಹೋದ ವರ್ಷದವರೆಗೂ ರೇಷ್ಮೆ ಹುಳುಮನೆ. ಮುರಳಿಮೋಹನನ ಮನೆಯವರು ತೋಟದ ಇನ್ನೊಂದು ತುದಿಗೆ ಹೊಸ ಶೆಡ್ಡು ಕಟ್ಟಿಸಿಕೊಂಡ ಮೇಲೆ, ಸೌಂಡ್ ಎಂಜಿನಿಯರಿಂಗ್ ಓದಿ ಬಂದಿದ್ದ ಮಗ ಹಳೆಯದನ್ನು ಸ್ಟುಡಿಯೋ ಮಾಡಿಕೊಂಡಿದ್ದ. ದಪ್ಪ ಮಣ್ಣಿನ ಗೋಡೆ. ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಂಕಿಗಳನ್ನೇ ಗೋಡೆ ತುಂಬ ಹೊಡೆದು, ಅವುಗಳ ಹಿಂದೆ ಹಳೆ ಹಾಸಿಗೆಯ ಹತ್ತಿ ತುರುಕಿದ್ದ, ಸದ್ದು ಗುಂಯ್‌ಗುಡದಿರಲಿ ಎಂದು. ಹುಳು ಇದ್ದ ಕಾಲವಾಗಿದ್ದರೆ ಸಾವಿನ ಮನೆಯಲ್ಲಿ ಹಾಡುವ ಹೆಂಗಸು ಈ ಬಾಗಿಲ ಬಳಿ ಸುಳಿಯುವ ಹಾಗೇ ಇರಲಿಲ್ಲ. ಮೈಲಿಗೆ ತಗುಲಿ ಹುಳುವೆಲ್ಲ ಸಾಯುತ್ತವೆಂದು ಮುರಳಿಯ ತಾಯಿ ಕದಿರಮ್ಮ ಬೇಲಿಯಾಚೆಯಿಂದಲೇ ಗದರಿ ಕಳಿಸುತ್ತಿದ್ದರು. ಈಗ ನೋಡಿ, ಅದೇ ಹೆಂಗಸಿಗೆ ಕುರ್ಚಿ ಹಾಕಿ, ಎಳನೀರು ಕೊಟ್ಟು, ಹಾಡಿ ಅಮ್ಮಾ ಎಂದು ಹುಡುಗರು ಗೋಗರೆಯುತ್ತಿದ್ದರು.

ಹೆಚ್ಚು ಗೋಗರೆದವನು ಅವಳ ಮಗ ಕೆಂಪರಾಜು. ಚಿಂತಾಮಣಿಯ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸ, ಉಳಿದ ಹೊತ್ತೆಲ್ಲ ಗಿಟಾರು. ಡ್ರಮ್ಸ್ ಬಾರಿಸುವ ವೇಣುವನ್ನೂ ಇನ್ನಿಬ್ಬರನ್ನೂ ಕಟ್ಟಿಕೊಂಡು ‘ಕೆಳಗಿನಬೀದಿ’ ಎಂಬ ಬ್ಯಾಂಡು ಮಾಡಿದ್ದ. ಅವರ ಮೊದಲ ಆಲ್ಬಮ್ಮು ಇದು. ಬ್ಲೂಸ್ ಅಂದರೇನೋ ಎಂದು ಅವಳು ಕೇಳಿದ್ದಕ್ಕೆ, “ಹತ್ತಿ ಹೊಲ್ದಲ್ಲಿ ಜೀತ ಮಾಡ್ದೋರು ಅತ್ತಿದ್ದು ಕಣಮ್ಮ. ನೀನು ಹಾಡ್ತೀಯಲ್ಲ, ಅದೇ. ಅವರು ಗಿಟಾರ್ ಹಿಡ್ಕೊಂಡು ಅತ್ತರು” ಎಂದಿದ್ದ. ಅಪ್ಪ ಮುನಿಶಾಮಿ ಸತ್ತ ದಿನ ಅಮ್ಮ ಹಾಡಿದ್ದನ್ನು ಅವನು ಕೇಳಿದ್ದ. ಅಲ್ಲಿಂದ ಈಚೆಗೆ ಅವನು ಬಾರಿಸಿದ್ದೆಲ್ಲ ಆ ಸದ್ದನ್ನು ಹುಡುಕಿಕೊಂಡೇ. ಆಲ್ಬಮ್ಮಿನ ಕೊನೆಯ ಹಾಡಿಗೆ ಅದೇ ಬೇಕು, ಬೇರೆ ಯಾರದ್ದೂ ಬೇಡ ಎಂದು ಹಟ ಹಿಡಿದಿದ್ದ.

ಅವನಿಗೆ ಹಾಡು ಗೊತ್ತು, ಅದರ ಕಟ್ಟುಪಾಡು ಗೊತ್ತಿಲ್ಲ. ಪದಕ್ಕೆ ಮೂರು ಭಾಗ. ಮೊದಲು ಸತ್ತವರನ್ನು ಕರೆಯಬೇಕು. ಆಮೇಲೆ ಅವರ ಮುಖ ನೋಡಿಕೊಂಡು, ಅವರ ಕೈಕಾಲು, ಅವರು ಮಾಡಿದ್ದು, ತಿಂದದ್ದು ಒಂದೊಂದೇ ಎಣಿಸಬೇಕು. ಹೆಣ ಎತ್ತುವಾಗ ಕಳಿಸುವ ಪದ ಹೇಳಬೇಕು. ಹೇಳಿದವಳು ಕಾಲು ತೊಳೆದುಕೊಂಡು, ಹಿಂದಕ್ಕೆ ತಿರುಗಿ ನೋಡದೆ, ಯಾರೊಡನೆಯೂ ಮಾತಾಡದೆ ಮನೆ ಸೇರಬೇಕು. ಲಕ್ಷ್ಮಿದೇವಮ್ಮ ಇದನ್ನು ಒಂದು ಸಲವೂ ತಪ್ಪಿದವಳಲ್ಲ.

“ಯಾರದಾದ್ರೂ ಮುಖ ನೋಡ್ಕೊಂಡು ಹಾಡಿ ಅಮ್ಮ, ಬರುತ್ತೆ” ಎಂದ ಮುರಳಿ.

ಅವಳು ತಲೆಯೆತ್ತಿದಳು. ಮುರಳಿ ಪರದೆಯ ಮೇಲೆ ಬಗ್ಗಿದ್ದ. ಗಾಜಿನಾಚೆ ಕಂಡ ಮುಖ ಒಂದೇ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿ ಕೂತಿದ್ದ ಕೆಂಪರಾಜು. ಟ್ಯೂಬ್‌ಲೈಟಿನ ಬೆಳಕಿಗೆ ಅವನ ತುಟಿ ಬಿಳಿಚಿಕೊಂಡಿತ್ತು. ಅಲುಗಾಟವಿಲ್ಲ.

ಪದ ಬಂತು. ಅವಳು ತಂದದ್ದಲ್ಲ, ತಾನಾಗಿ ಬಂತು.

“ಎದ್ದೇಳೋ ನನ್ನಪ್ಪ, ಬಿಸಿಲು ಬಾಗಿಲಿಗೆ ಬಂತು
ಮುದ್ದೆ ಆರೋಯ್ತು, ಮೊಗ ತೊಳೆಯಾಕೆ ಬಾರೋ…”

ಇಷ್ಟು ವರ್ಷ ಕಂಡವರ ಹೆಣಕ್ಕೆ ಹಾಡಿ ಹಾಡಿ ಹದಗೊಂಡ ಗಂಟಲು, ಒಮ್ಮೆ ದಾರಿ ಸಿಕ್ಕ ಮೇಲೆ ನಿಲ್ಲುವುದುಂಟೇ? ಕರೆದಾಯಿತು. ಎಣಿಸುವುದಕ್ಕೆ ಶುರುವಾಯಿತು.

“ತಂತಿ ಒತ್ತಿ ಒತ್ತಿ ಬೆರಳು ಜಡ್ಡು ಕಟ್ಟಿತ್ತಲ್ಲೋ
ಆ ಬೆರಳ ಹಿಡಿದರೆ ಈಗ ತಣ್ಣಗೈತಲ್ಲೋ
ಚಿಂತಾಮಣಿ ದಾರೀಲಿ ಗಾಡಿ ಸದ್ದಿಲ್ಲವಲ್ಲೋ
ಯಾರ ಬರವು ಕಾಯಲಿ ನಾನು, ಯಾರಿಗೆ ಬಡಿಸಲಿ…”

ಬಾಯಿ ಹಾಡುತ್ತಿತ್ತು, ಕಣ್ಣು ಸುರಿಯುತ್ತಿತ್ತು. ಇದ್ದಕ್ಕಿದ್ದಂತೆ ಬಾಗಿಲು ತೆರೆದು ಹುಡುಗರೆಲ್ಲ ಚಪ್ಪಾಳೆ ತಟ್ಟುತ್ತ ಒಳನುಗ್ಗಿದರು. ವೇಣುವಿನ ಕಣ್ಣಲ್ಲೂ ನೀರು. “ಸೂಪರ್ ಅಮ್ಮ! ಒಂದೇ ಟೇಕು!” ಎಂದು ಅವಳ ಕಾಲಿಗೆ ಬಿದ್ದ.

“ಇನ್ನೂ ಐತಪ್ಪ, ಕಳಿಸೋದು…” ಎನ್ನುತ್ತ ಅವಳು ಮಗನ ಮುಖ ನೋಡಿದಳು. ಅಲ್ಲಿಗೆ ಮಾತು ನಿಂತಿತು. ತಾನು ಇಷ್ಟು ಹೊತ್ತು ಕರೆದದ್ದು ಯಾರನ್ನು, ಎಣಿಸಿದ್ದು ಯಾರ ಬೆರಳನ್ನು ಎಂಬುದು ಆಗ ಅವಳಿಗೆ ಹೊಳೆಯಿತು.

“ಅದು ಬೇಡ ಬಿಡಿ ಅಮ್ಮ. ಇಲ್ಲಿಗೇ ನಿಲ್ಸಿದ್ರೆ ಚೆನ್ನಾಗಿರುತ್ತೆ” ಎಂದ ಮುರಳಿ.

ಅಷ್ಟರಲ್ಲಿ ತೋಟದ ಕಡೆಯಿಂದ ಕದಿರಮ್ಮ ಸೊಪ್ಪಿನ ಕೈಯಲ್ಲೇ ಓಡಿಬಂದರು. ಹಿಂದೆ ಇಬ್ಬರು ಕೂಲಿ ಹೆಂಗಸರು. ಮುರಳಿಯ ಹತ್ತಿ, ಚಂದ್ರಂಕಿ ಯಾವುದೂ ಆ ದನಿಯನ್ನು ತಡೆದಿರಲಿಲ್ಲ.

“ಅಯ್ಯೋ ದೇವುಡಾ, ಎವರೇ ಪೋಯಿಂದಿ? ಯಾರೇ ಹೋಗಿದ್ದು?”

“ಯಾರೂ ಹೋಗಿಲ್ಲ ಕದಿರಮ್ಮಾ, ಹಾಡು ಅದು, ನಮ್ ಆಲ್ಬಮ್ಮಿಗೆ” ಎಂದು ವೇಣು ನಕ್ಕ.

ಕದಿರಮ್ಮ ನಗಲಿಲ್ಲ. “ಏನೇ ಲಕ್ಷ್ಮಿದೇವಿ, ಯಾರ್ನ ನೆನೆಸ್ಕೊಂಡು ಹಂಗೆ ಅತ್ತೆ?”

“ಸತ್ತೋದ್ನಲ್ಲಮ್ಮ, ನನ್ ಗಂಡ. ಅವನ್ನೇ.”

“ಮುನಿಶಾಮಿ ತಮಟೆ ಹೊಡೀತಿದ್ದೋನಲ್ವೇನೇ?” ಕದಿರಮ್ಮನ ಕಣ್ಣು ಕೆಂಪರಾಜುವಿನ ಗಿಟಾರಿನ ಮೇಲೆ ಹೋಯಿತು. “ತಂತಿ ಎಲ್ಲಿಂದ ಬಂತು?”

ಕದಿರಮ್ಮ ಕೂಲಿ ಹೆಂಗಸರನ್ನು ಕರೆದುಕೊಂಡು ಸರಸರನೆ ಹೊರಟುಹೋದರು.

ಆ ಸಂಜೆ ಮನೆಯಲ್ಲಿ ಲಕ್ಷ್ಮಿದೇವಮ್ಮ ಮಗನ ಮುಂದೆ ಕೈಮುಗಿದಳು. “ಅದನ್ನ ಅಳಿಸ್ಬುಡಪ್ಪ. ಬೇರೆ ಏನು ಬೇಕಾದ್ರೂ ಹಾಡ್ತೀನಿ. ಸೋಬಾನೆ ಹಾಡ್ತೀನಿ, ರಾಗಿ ಬೀಸೋ ಪದ ಹಾಡ್ತೀನಿ. ಅದು ಬ್ಯಾಡ.”

“ಯಾಕಮ್ಮ? ಅಷ್ಟು ಚೆನ್ನಾಗಿ ಬಂದೈತೆ.”

“ನಿನ್ನ ಮೊಗ ನೋಡ್ಕೊಂಡು ಹಾಡ್ಬುಟ್ಟೆ ಕಣೋ! ಬದುಕಿರೋ ಮಗನ್ನ ಕೂಗಿ ಕೂಗಿ ಕರದ್ನಲ್ಲೋ. ಅರ್ಧಕ್ಕೆ ನಿಂತೈತೆ ಬೇರೆ.”

ಕೆಂಪರಾಜು ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. “ದಿನಾ ಕೈ ಮುಗೀತೀಯಲ್ಲ, ಇವರು ಹೇಳ್ಕೊಟ್ಟಿದ್ದು ಇದೇನಾ? ಹಾಡಿಂದ ಯಾರೂ ಸಾಯಲ್ಲ ಕಣಮ್ಮ. ಆ ಆಲ್ಬಮ್ಮಿಗೆ ನಾನು ಎಷ್ಟು ಕಾದಿದೀನಿ ಅಂತ ನಿನಗೆ ಗೊತ್ತಿಲ್ವಾ? ಅದೊಂದು ಹಾಡು ತೆಗೆದ್ರೆ ಉಳಿದಿದ್ದೆಲ್ಲ ಸಪ್ಪೆ.”

ಅವನು ಹೇಳಿದ್ದು ಸರಿಯೇ ಎಂದು ಅವಳಿಗೂ ಅನ್ನಿಸಿತು. ಅನ್ನಿಸಿದರೇನು, ಭಯ ಹೋಗಬೇಕಲ್ಲ! ಮಾರನೆಯ ದಿನದಿಂದ ಅವಳ ಕಿವಿ ಬೀದಿಯಲ್ಲೇ. ಚಿಂತಾಮಣಿಯಿಂದ ಅವನ ಬೈಕು ಬರುವ ಹೊತ್ತು ಮೀರಿದರೆ ಒಲೆ ಆರಿಸಿ ಹೊಸ್ತಿಲಿಗೆ ಬರುವಳು. ಟೊಮೆಟೊ ಲಾರಿಗಳು ಕಂಡರೆ ಎದೆ ಹಾರುವುದು. ಬೈಕಿನ ಸದ್ದು ಕೇಳಿದ ಮೇಲೆ ಏನೂ ಆಗದವಳಂತೆ ಒಳಗೆ ಹೋಗಿ ಮುದ್ದೆ ಕಟ್ಟುವಳು. ‘ಚಿಂತಾಮಣಿ ದಾರೀಲಿ ಗಾಡಿ ಸದ್ದಿಲ್ಲವಲ್ಲೋ’ ಎಂದು ಹಾಡಿದವಳು ತಾನೇ ಅಲ್ಲವೇ? ಆ ನಾಲಿಗೆಯನ್ನು ಕಿತ್ತುಹಾಕಬೇಕು ಅನ್ನಿಸುತ್ತಿತ್ತು.

ಅವಳು ದುಡಿಯುತ್ತಿದ್ದುದು ಶಿಡ್ಲಘಟ್ಟದ ಒಂದು ರೀಲಿಂಗ್ ಮನೆಯಲ್ಲಿ, ಬಿಸಿನೀರಿನ ತೊಟ್ಟಿಯಿಂದ ರೇಷ್ಮೆ ಗೂಡಿನ ಎಳೆ ಹೆಕ್ಕುವ ಕೆಲಸ. ಒಂದು ಮಧ್ಯಾಹ್ನ ಹಾಗೆ ಹೆಕ್ಕುತ್ತಿದ್ದಾಗ ಸೆರಗಿನಲ್ಲಿದ್ದ ಫೋನು ಬಡಿದುಕೊಂಡಿತು. ವೇಣು.

“ಅಮ್ಮ, ಏನೂ ಆಗಿಲ್ಲ, ಗಾಬ್ರಿ ಆಗ್ಬೇಡಿ.”

ಹೀಗೆ ಶುರುವಾದ ಮಾತಿಗೆ ಯಾವ ತಾಯಿ ಗಾಬರಿಯಾಗದೆ ಇರುತ್ತಾಳೆ? ಒದ್ದೆ ಕೈಯನ್ನೂ ಒರೆಸಿಕೊಳ್ಳದೆ ಆಟೋ ಹತ್ತಿ ಆಸ್ಪತ್ರೆಗೆ ಓಡಿದಳು. ಕೆಂಪರಾಜು ಮಂಚದ ಮೇಲೆ ಕೂತು ಟೀ ಕುಡಿಯುತ್ತಿದ್ದ. ಕೆಳತುಟಿ ಸುಟ್ಟು ಕಪ್ಪಗಾಗಿತ್ತು. ಸ್ಟುಡಿಯೋದಲ್ಲಿ ಗಿಟಾರು ಹಿಡಿದುಕೊಂಡು ಮೈಕಿಗೆ ಬಾಯಿ ಹಚ್ಚಿದ್ದನಂತೆ, ಕರೆಂಟು ಹೊಡೆದು ಗೋಡೆಗೆ ಎಸೆದಿತ್ತಂತೆ. ಸ್ವಲ್ಪ ಹೊತ್ತು ಅವನಿಗೆ ಪ್ರಜ್ಞೆಯೇ ಇರಲಿಲ್ಲ ಎಂದು ವೇಣು ಬಾಯಿತಪ್ಪಿ ಹೇಳಿಬಿಟ್ಟ.

“ಅರ್ಥಿಂಗ್ ಪ್ರಾಬ್ಲಮ್ ಅಮ್ಮ. ಬೇಸಿಗೇಲಿ ಅರ್ಥ್ ತಂತಿ ಹೂತಿರೋ ಗುಂಡಿ ಒಣಗೋಗಿತ್ತು. ಮುರಳಿ ಈಗ ಉಪ್ಪು, ಇದ್ದಿಲು ಹಾಕಿಸಿ ನೀರು ಬಿಡಿಸ್ತಾವ್ನೆ” ಎಂದ ಕೆಂಪರಾಜು. ಸುಟ್ಟ ತುಟಿಯಿಂದ ಮಾತು ತೊದಲುತ್ತಿತ್ತು.

“ಆಗ್ಲಪ್ಪ. ಆ ಗುಂಡಿ ಇಷ್ಟು ದಿನ ಸುಮ್ನಿದ್ದು ಈಗ್ಯಾಕೆ ಒಣಗಿತು?”

“ಅಮ್ಮಾ, ಸಾಕು.”

ಬರುವ ಶುಕ್ರವಾರ ಆಲ್ಬಮ್ಮು ಬಿಡುಗಡೆ ಎಂದೂ ಅಲ್ಲೇ ಗೊತ್ತಾಯಿತು. ಬಿಟ್ಟ ಮೇಲೆ ಯಾರ ಫೋನಿನಲ್ಲಾದರೂ, ಯಾವ ಹೊತ್ತಿನಲ್ಲಾದರೂ ಅದು ಹಾಡುತ್ತಲೇ ಇರುತ್ತದೆ. ಕಂಡ ಕಂಡ ಊರಿನಲ್ಲಿ ಅವಳ ದನಿ ಅವಳ ಮಗನನ್ನು ಕರೆಯುತ್ತಲೇ ಇರುತ್ತದೆ.

ಮಗನನ್ನು ಮನೆಗೆ ಬಿಟ್ಟವಳೇ ಅಮ್ಮಾಜಮ್ಮನ ಮನೆಗೆ ಹೋದಳು. ಲಕ್ಷ್ಮಿದೇವಮ್ಮನಿಗೆ ಪದ ಕಲಿಸಿದ ಮುದುಕಿ ಆಕೆ. ಈಗ ಕಣ್ಣು ಕಾಣಿಸುವುದಿಲ್ಲ, ಕಿವಿ ಮಾತ್ರ ಚುರುಕು. ಎಲ್ಲವನ್ನೂ ಕೇಳಿಕೊಂಡು ಎಲೆಯಡಿಕೆಯನ್ನು ದವಡೆಯಿಂದ ದವಡೆಗೆ ಹೊರಳಿಸಿದಳು.

“ನಿನ್ ಬುದ್ಧಿಗೆ ಏನು ಬಂದಿತ್ತೇ ಮುಂಡೇದೆ! ಸಾವ್ನ ಕರೆದು ಕೂರಿಸ್ಕೊಂಡಿದೀಯ. ಕಳಿಸ್ದೆ ಅದು ಹೋಗಲ್ಲ.”

“ಕಳಿಸೋ ಪದ ಹೇಳಿದ್ರೆ ಅವ್ನೇ ಹೋಗ್ಬುಟ್ರೆ ಅಕ್ಕಯ್ಯಾ? ನಾನೇ ಹೆಂಗೆ ಹೇಳ್ಲಿ ಅವನ್ಗೆ ಹೋಗು ಅಂತ?” ಲಕ್ಷ್ಮಿದೇವಮ್ಮ ಬಿಕ್ಕಿದಳು. “ಯಾರೂ ಹೋಗ್ದಂಗೆ ಮಾಡಾಕೆ ಆಗಲ್ವಾ?”

“ಬರಿಗೈಲಿ ಹೋಗಲ್ಲ ಅದು. ಕಳಿಸೋವಾಗ ಎದುರಿಗೆ ಯಾರು ಕೂತಿರ್ತಾರೋ ಅವರ್ನ ಕರ್ಕೊಂಡೋಗುತ್ತೆ. ನಮ್ಮಮ್ಮ ಹೇಳಿದ್ದು ಇಷ್ಟೇ.”

ಲಕ್ಷ್ಮಿದೇವಮ್ಮ ಅಳು ನಿಲ್ಲಿಸಿದಳು. ಮೂಗು ಒರೆಸಿಕೊಂಡಳು. ಮುದುಕಿಗೆ ಎಲೆ ಮಡಿಸಿ ಕೊಟ್ಟು, ಹೋಗಿಬರುತ್ತೇನೆಂದು ಕಾಲು ಮುಟ್ಟಿ ಹೊರಟಳು. ಆ ಮುಟ್ಟುವಿಕೆ ಸ್ವಲ್ಪ ಉದ್ದವಾಯಿತೆಂದು ಅಮ್ಮಾಜಮ್ಮನಿಗೆ ಅನ್ನಿಸಿರಬೇಕು. “ಲಕ್ಷ್ಮೀ, ಏಯ್, ನಿಂತ್ಕೊಳೇ” ಎಂದು ಹಿಂದಿನಿಂದ ಕೂಗಿದಳು. ಇವಳು ನಿಲ್ಲಲಿಲ್ಲ.

“ಹಾಡು ಇರ್ಲಿ ಕಣಪ್ಪ” ಎಂದಳು ಮಗನಿಗೆ, ಮುದ್ದೆ ಬಡಿಸುತ್ತ. “ಆದ್ರೆ ಪೂರ್ತಿ ಮಾಡ್ಬೇಕು. ಕಳಿಸೋ ಪದ ನೀನು ಹಾಡು.”

ಕೆಂಪರಾಜುವಿನ ಕೈ ತಟ್ಟೆಯಲ್ಲೇ ನಿಂತಿತು. “ನಾನಾ? ಗಂಡಸರು ಹಾಡಲ್ಲ ಅಂತಿದ್ದೆ?”

“ಯಾರು ನೋಡ್ತಾರೆ? ನಾನು ಹೇಳ್ಕೊಡ್ತೀನಿ.”

ಅವನಿಗೆ ಆದ ಸಂತೋಷ ನೋಡಬೇಕಿತ್ತು! ಅಮ್ಮ ಕರೆಯುವುದು, ಮಗ ಕಳಿಸುವುದು. ಆಲ್ಬಮ್ಮಿಗೆ ಇದಕ್ಕಿಂತ ಒಳ್ಳೆಯ ಮುಗಿತಾಯ ಎಲ್ಲಿ ಸಿಗಬೇಕು? ಅಮ್ಮನ ಹೆದರಿಕೆ ಕೊನೆಗೂ ಬಿಟ್ಟಿತೆಂದು ಮುರಳಿಗೆ ಆಗಲೇ ಫೋನು ಮಾಡಿದ. ಅವಳು ಒಲೆಯ ಮುಂದೆ ಕೂತು ಒಂದೊಂದೇ ಸಾಲು ಹೇಳಿಕೊಟ್ಟಳು. ಅವನು ತಾಳ ಹಾಕುತ್ತ ಕಲಿತ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಎಳೆಯಬೇಕು ಎಂಬುದಷ್ಟೇ ಅವನ ಗಮನ. ಕಾಲು ತೊಳೆಯುವುದು, ಮಾತಾಡದೆ, ಹಿಂದೆ ನೋಡದೆ ಮನೆ ಸೇರುವುದು, ಅದನ್ನೂ ಹೇಳಿದಳು. “ಆಯ್ತು ಬಿಡಮ್ಮ, ನಿನ್ ಸಮಾಧಾನಕ್ಕೆ” ಎಂದು ನಕ್ಕ.

ಮಾರನೆಯ ದಿನ ಸ್ಟುಡಿಯೋದಲ್ಲಿ ಮುರಳಿ ಮೈಕು ಹೊಂದಿಸಿ, ತಾನೇ ಮುಟ್ಟಿ, ತುಟಿ ಹಚ್ಚಿ ನೋಡಿ, “ಈಗ ಏನೂ ಇಲ್ಲ” ಎಂದು ಹೇಳಿ ಗಾಜಿನಾಚೆ ಹೋದ. ಲಕ್ಷ್ಮಿದೇವಮ್ಮ ಒಳಗೇ ಕುರ್ಚಿ ಎಳೆದುಕೊಂಡು ಮಗನ ಎದುರಿಗೆ ಕೂತಳು. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಮದುವೆಗಳಿಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಫೋಟೋ ತೆಗೆಯುತ್ತಾರೇನೋ ಎಂದುಕೊಂಡಿರಬೇಕೆಂದು ವೇಣು ರೇಗಿಸಿದ್ದ.

“ನನ್ ಮೊಗ ನೋಡ್ಕೊಂಡು ಹಾಡಪ್ಪ. ಆಕಡೆ ಈಕಡೆ ನೋಡಬ್ಯಾಡ. ಮಧ್ಯಕ್ಕೆ ನಿಲ್ಲಿಸ್ಬ್ಯಾಡ, ಏನೇ ಆದ್ರೂ.”

ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಬಿಸಿನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದ ಕೈಗಳು. ಕೆಂಪರಾಜು ತಂತಿ ಮೀಟಿ ಶುರುಮಾಡಿದ.

“ಹೋಗು ತಾಯಿ ಹೋಗು, ಹಿಂದಕ್ಕೆ ನೋಡಬ್ಯಾಡ
ಒಲೆ ಆರಿಸೀವ್ನಿ, ಬಾಗಿಲು ತೆಗೆದೀವ್ನಿ…”

ಅಮ್ಮನ ಕಣ್ಣು ಅವನನ್ನೇ ನೋಡುತ್ತಿತ್ತು. ಅವನು ಸಣ್ಣವನಿದ್ದಾಗ ಜ್ವರ ಬಂದರೆ ಹಾಗೆ ನೋಡುತ್ತಿದ್ದಳು.

“ಮಾಡಿದ್ದು ಸಾಕು, ಮೊರದಲ್ಲಿ ಉಳಿದದ್ದು ಉಳಿಯಲಿ
ಮಕ್ಕಳ ಕೂಗಿಗೆ ಕಾಲು ತಡೆಯಬ್ಯಾಡ…”

ಅಡುಗೆಮನೆಯಲ್ಲಿ ಕಲಿಯುವಾಗ ಅದು ಬರೀ ಸಾಲಾಗಿತ್ತು. ಈಗ ಎದುರಿಗೆ ಸೀರೆ ಉಟ್ಟು, ಅಂಗೈ ಬಿಚ್ಚಿ ಕೂತವಳನ್ನು ಅವನು ನೋಡಿದ. ಅವಳು ಇಲ್ಲಿ ಯಾಕೆ ಕೂತಿದ್ದಾಳೆ, ಇದನ್ನು ತನ್ನಿಂದಲೇ ಯಾಕೆ ಹಾಡಿಸುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯಿತು. ಮೀಟುವ ಕೈ ನಿಧಾನವಾಯಿತು. ನಿಲ್ಲಿಸಿಬಿಡಬೇಕು, ಗಿಟಾರು ಎಸೆದು ಅವಳನ್ನು ಎಬ್ಬಿಸಬೇಕು ಅನ್ನಿಸಿತು. ಇದೆಲ್ಲ ಸುಳ್ಳು, ಹಾಡಿಂದ ಯಾರೂ ಸಾಯಲ್ಲ ಎಂದು ಅವನೇ ಹೇಳಿದ್ದ. ಸುಳ್ಳಾದರೆ ನಿಲ್ಲಿಸುವುದು ಯಾಕೆ? ನಿಜವಾಗಿದ್ದರೆ?

ಲಕ್ಷ್ಮಿದೇವಮ್ಮನ ಮುಖದಲ್ಲಿ ಹೆದರಿಕೆ ಎದ್ದು ಬಂತು. ಅರ್ಧಕ್ಕೆ ನಿಲ್ಲಿಸಿಬಿಡುತ್ತಾನೇನೋ ಎಂಬ ಹೆದರಿಕೆ. ತೊಡೆಯ ಮೇಲಿಂದ ಒಂದು ಕೈ ಎತ್ತಿ, ಹಾಡು, ಹಾಡು ಎಂದು ಸನ್ನೆ ಮಾಡಿದಳು. ತುಟಿ ಅಲುಗುತ್ತಿತ್ತು, ಮುಂದಿನ ಸಾಲನ್ನು ಸದ್ದಿಲ್ಲದೆ ಅವಳೇ ಹೇಳಿಕೊಡುತ್ತಿದ್ದಳು.

ಅವನು ಹಾಡಿದ.

“ಹೊಳೆ ದಾಟೋ ತಾವ ನೀರು ಕೇಳಬ್ಯಾಡ
ನಿನ್ನ ಪಾಲಿನ ನೀರು ಕುಡಿದಾಯ್ತು ತಾಯಿ
ಹೋಗು ತಾಯಿ ಹೋಗು…”

ಕೊನೆಯ ‘ಹೋಗು’ ಪೂರ್ತಿ ಬರಲಿಲ್ಲ, ಒಡೆದು ಉಸಿರಾಯಿತು. ತಂತಿಯ ಸದ್ದು ಅಡಗಿತು. ಈ ಸಲ ಚಪ್ಪಾಳೆಯಿಲ್ಲ. ಮುರಳಿ ಗಾಜಿನಾಚೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಲಕ್ಷ್ಮಿದೇವಮ್ಮ ಎದ್ದು ಮಗನ ಕೆನ್ನೆ ಸವರಿ ನೆಟಿಗೆ ತೆಗೆದಳು. “ಮುಗೀತು ಬಿಡು. ಚೆನ್ನಾಗಿ ಹಾಡ್ದೆ. ಹೋಗು, ಕಾಲು ತೊಳ್ಕೊ.”

ಏನೋ ಕೇಳಲು ಅವನು ಬಾಯಿ ತೆರೆದ. ಅವಳು ಬೆರಳಿನಿಂದ ಅವನ ಸುಟ್ಟ ತುಟಿ ಮುಚ್ಚಿದಳು.

ಹುಳುಮನೆಯ ಹೊರಗೆ ಸೊಪ್ಪು ತೊಳೆಯುವ ನಲ್ಲಿಯಿತ್ತು. ಕೆಂಪರಾಜು ಪ್ಯಾಂಟು ಮಡಿಸಿ ಕಾಲು ತೊಳೆದ. ಮತ್ತೆ ತೊಳೆದ. ನೀರು ನಿಲ್ಲಿಸದೆ ಅಮ್ಮನ ಕಡೆ ನೋಡಿ, ನೀನೂ ಬಾ ಎಂದು ಕೈ ಮಾಡಿದ. ಅವಳು ಒಣಗಾಲಿನಲ್ಲೇ ಬೈಕಿನ ಹತ್ತಿರ ನಿಂತು, ಬೇಡ ಎಂದು ತಲೆಯಾಡಿಸಿದಳು.

ಅವಳು ಹಿಂದೆ ಹತ್ತಿ ಕೂತ ಮೇಲೆ ಎರಡು ಕನ್ನಡಿಯಲ್ಲೂ ಅವಳ ಮುಖ ಕಾಣಿಸಿತು. ಕೆಂಪರಾಜು ಕನ್ನಡಿಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿದ. ಹಾಡಿಂದ ಯಾರೂ ಸಾಯಲ್ಲ ಎಂದವನು ತುಟಿ ಬಿಗಿಹಿಡಿದು ಗಾಡಿ ಹೊರಡಿಸಿದ.

ಎಷ್ಟೋ ದಿನದ ಮೇಲೆ ಲಕ್ಷ್ಮಿದೇವಮ್ಮ ಬಾಯ್ತುಂಬ ಮಾತಾಡುತ್ತಿದ್ದಳು. ಹಿಪ್ಪುನೇರಳೆ ಈ ಸಲ ಹುಲುಸಾಗಿದೆ ಎಂದಳು. ವೇಣುವಿಗೆ ಒಂದು ಹೆಣ್ಣು ನೋಡಬೇಕು ಎಂದಳು. ಆಲ್ಬಮ್ಮಿನ ಮೇಲೆ ತನ್ನ ಹೆಸರು ಹಾಕುವುದಾದರೆ ಮುನಿಶಾಮಿಯ ಹೆಸರನ್ನೂ ಸೇರಿಸು ಎಂದಳು. ಅವನು ಉತ್ತರ ಕೊಡಲಿಲ್ಲ. ಸಾದಲಿ ದಾಟಿ ಕೆರೆ ಏರಿಯ ಮೇಲೆ ಬಂದಾಗ ಹಿಂದಿನಿಂದ ಬರುತ್ತಿದ್ದ ಮಾತು ನಿಂತಿತು.

ಅವನು ಕಾದ. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ತಿರುಗಿ ನೋಡುವಂತಿಲ್ಲ, ಕರೆಯುವಂತಿಲ್ಲ. ಎಡಗೈಯನ್ನು ಹ್ಯಾಂಡಲಿನಿಂದ ಬಿಡಿಸಿ ಹಿಂದಕ್ಕೆ ಚಾಚಿ ತಡಕಾಡಿದ. ಮೊದಲು ಸೀರೆ ಸಿಕ್ಕಿತು. ಆಮೇಲೆ ಸುಕ್ಕುಗಟ್ಟಿದ ಕೈ ಸಿಕ್ಕಿತು. ಅದು ಬೆಚ್ಚಗಿತ್ತು.

ಗೇರು ಬದಲಾಯಿಸಲು ಕ್ಲಚ್ಚು ಹಿಡಿಯುವ ಎಡಗೈ ಬೇಕು. ಅವನು ಬದಲಾಯಿಸಲಿಲ್ಲ. ಎರಡನೇ ಗೇರಿನಲ್ಲೇ ಗಾಡಿ ಗುರುಗುಡುತ್ತ ಊರಿನ ಕಡೆ ಹೋಯಿತು. ಹಿಂದಿನಿಂದ ಬಂದ ಟೊಮೆಟೊ ಲಾರಿಗಳು ಹಾರನ್ನು ಹೊಡೆಯುತ್ತ ಒಂದೊಂದೇ ಅವರನ್ನು ದಾಟಿಕೊಂಡು ಮುಂದೆ ಹೋದವು.